ಹಳೆಯ ಅಂಟು ಬಿಡಿಸಿದ ವರ್ಷಗಳು

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಮೊದಮೊದಲು ಸರಿಯಾಗಿ ಹೇಳುತ್ತಿರಲಿಲ್ಲ. 'ಪಾಠೋಪಕರಣ ಕೇಂದ್ರದಾಗ ಅದೀನ್ರಿ' ಎಂದು ಸುಮ್ಮನಾಗುತ್ತಿದ್ದೆ. ಕೇಳಿದವರು ಅದೊಂದು ಕಚೇರಿ, ಈಕೆ ಅಲ್ಲಿ ಕುರ್ಚಿಯ ಮೇಲೆ ಕೂತು ಕಡತ ಬರೆಯುವಾಕೆ ಎಂದುಕೊಂಡು ಮರ್ಯಾದೆ ಕೊಡುತ್ತಿದ್ದರು. ನಿಜಕ್ಕೂ ನಾನು ಬೆಳಗಿನಿಂದ ಸಂಜೆಯವರೆಗೆ ಚಾಪೆಯ ಮೇಲೆ ಕೂತು ಹಳೆಯ ಅಂಟು ಕೆರೆಯುತ್ತಿದ್ದೆ.

ನಮ್ಮ ಕೇಂದ್ರ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಕಲ್ಲಿನ ಮನೆಯ ಕೆಳಗಿನ ಪಡಸಾಲೆಯಲ್ಲಿತ್ತು. ಒಂದು ಸಣ್ಣ ಟ್ರಸ್ಟ್ ಅದನ್ನು ನಡೆಸುತ್ತಿತ್ತು. ಎಲ್ಲೆಲ್ಲೋ ಮುಚ್ಚಿದ ಶಾಲೆ ಕಾಲೇಜುಗಳಿಂದ, ಗುಜರಿಯವರಿಂದ, ಪಾಠಕ್ಕೆ ಬಳಸುವ ಹಳೆಯ ಪುಟ್ಟ ಮಾದರಿಗಳನ್ನು ತರಿಸುವುದು. ಸ್ವಚ್ಛ ಮಾಡಿ, ಮುರಿದದ್ದನ್ನು ಕೂಡಿಸಿ, ತಿಕೋಟಾ, ಬಬಲೇಶ್ವರ ಕಡೆಯ ಶಾಲೆಗಳಿಗೆ ಜೀಪಿನಲ್ಲಿ ಕಳಿಸುವುದು. ಪಾಠ ಮುಗಿದ ಮೇಲೆ ವಾಪಸು ತರುವುದು. ಮರದ ಸೇತುವೆ, ಅಣೆಕಟ್ಟು, ಪ್ಲಾಸ್ಟಿಕ್ಕಿನ ರೈಲು ಎಂಜಿನ್, ಎರಡು ಹೋಳಾಗಿ ತೆರೆಯುವ ಹೃದಯ, ಗುಡಿ, ಗೋಪುರ, ಎಲ್ಲವೂ ಒಂದು ತೊಡೆಯ ಮೇಲೆ ಹಿಡಿಸುವಷ್ಟು ಸಣ್ಣವು. ಬರುವಾಗ ಒಂದೂ ನೆಟ್ಟಗಿರುತ್ತಿರಲಿಲ್ಲ. ಒಮ್ಮೆ ಮುರಿದಾಗ ಒಬ್ಬರು ಅಂಟಿಸಿರುತ್ತಾರೆ, ಅದು ಬಿಟ್ಟಾಗ ಇನ್ನೊಬ್ಬರು ಅದರ ಮೇಲೆಯೇ ಬೇರೆ ಅಂಟು ಸುರಿದಿರುತ್ತಾರೆ. ಹಳೆಯ ಅಂಟಿನ ಮೇಲೆ ಹೊಸ ಅಂಟು ಕೂಡುವುದಿಲ್ಲ. ಮೊದಲು ಹಳೆಯದು ಪೂರ್ತಿ ಹೋಗಬೇಕು. ಅದನ್ನು ತೆಗೆಯುವಾಕೆ ನಾನು.

ಈಗ ನಾನು ನಿವೃತ್ತಳು. ನನ್ನ ಜಾಗಕ್ಕೆ ಸೇರಿದ ಇಬ್ಬರು ಹುಡುಗಿಯರು ಕಳೆದ ತಿಂಗಳು ಮನೆಗೆ ಬಂದು, 'ಯಾವ ಅಂಟಿಗೆ ಏನು ಹಚ್ಚಬೇಕು, ಒಂದು ಹಾಳಿಯೊಳಗ ಬರೆದು ಕೊಡ್ರಿ' ಎಂದರು. ಬರೆಯಲು ಕೂತರೆ ಒಂದು ಹಾಳೆಯಲ್ಲಿ ನಿಲ್ಲಲಿಲ್ಲ. ಯಾವ ಅಂಟಿಗೆ ಏನು ಎಂಬುದನ್ನು ನಾನು ಕಲಿತದ್ದು ಮಾದರಿಗಳನ್ನು ಕೆಡಿಸಿ. ಕೆಡಿಸಿದ್ದನ್ನು ಬಿಟ್ಟು ಕಲಿತದ್ದನ್ನಷ್ಟೇ ಬರೆದರೆ ಅವರಿಗೆ ಅದು ತಿಳಿಯುವುದೂ ಇಲ್ಲ.

ಕೆಲಸಕ್ಕೆ ಸೇರಿದಾಗ ಅಲ್ಲಿದ್ದವರು ಇಬ್ಬರೇ. ಮೇಲ್ವಿಚಾರಕರು ಹಿರೇಮಠ ಸರ್. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಣ್ಣ ಕರವಸ್ತ್ರ. ಯಾವ ಮಾದರಿ ಸಿದ್ಧವಾದರೂ ಆ ಕರವಸ್ತ್ರದಿಂದ ಒಮ್ಮೆ ಒರೆಸಿ ಬೆಳಕಿಗೆ ಹಿಡಿದು ನೋಡುವರು. ಅವರದು ಒಂದೇ ಮಾತು: 'ಹೊಸಾದರಂಗ ಕಾಣಬೇಕು.' ಇನ್ನೊಬ್ಬರು ಬಡಿಗ ಮೌನೇಶ ಕಾಕಾ. ಮರದ ಜೋಡಣೆಯೆಲ್ಲ ಅವರದು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ನಾನು ಅರಕೇರಿಯಾಕೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ತೊಗಲು ಹದ ಮಾಡುತ್ತಿದ್ದರು. ಉಳಿದ ತೊಗಲಿನ ಚೂರುಗಳನ್ನು ದೊಡ್ಡ ಹಂಡೆಯಲ್ಲಿ ದಿನಗಟ್ಟಲೆ ಕುದಿಸಿ, ಸೋಸಿ, ತಾಟಿನಲ್ಲಿ ಹೊಯ್ದು ಒಣಗಿಸಿ ಸರಸ ಮಾಡುತ್ತಿದ್ದರು. ಬಡಿಗರು ಕುರ್ಚಿ ಮಂಚಗಳಿಗೆ ಹಚ್ಚುತ್ತಿದ್ದ, ಬೆಲ್ಲದ ಬಣ್ಣದ, ಗಾಜಿನಂತೆ ಹೊಳೆಯುವ ಅಂಟು ಅದು. ನಮ್ಮ ಅಪ್ಪನ ಕಾಲಕ್ಕೆ ಮನೆಯಲ್ಲಿ ಆ ಕೆಲಸ ನಿಂತಿತ್ತು. ಗೋಡೆಯ ಮೇಲೆ ಬುದ್ಧನ ಪಟ ಬಂದಿತ್ತು. ಮಕ್ಕಳು ಓದಬೇಕು ಎಂಬ ಮಾತು ಬಂದಿತ್ತು. ಆದರೆ ಹಂಡೆ ಕುದಿಯುವ ವಾಸನೆ ನನ್ನ ಮೂಗಿನಲ್ಲಿ ಉಳಿದಿತ್ತು. ಸಾಲಿಯಲ್ಲಿ ಜತೆಯವರು ಆ ವಾಸನೆಯ ಹೆಸರು ಹೇಳಿ ನಕ್ಕದ್ದೂ ಉಳಿದಿತ್ತು.

ಸೇರಿದ ಎರಡನೆಯ ತಿಂಗಳು ಪುಣೆಯ ಕಡೆಯಿಂದ ಒಂದು ಮರದ ಸೇತುವೆ ಬಂತು. ತೆಳುವಾದ ತೇಗದ ಕಡ್ಡಿಗಳನ್ನು ತ್ರಿಕೋನವಾಗಿ ಕೂಡಿಸಿದ್ದು, ಬಹಳ ಕುಶಲದ ಕೆಲಸ. ಅರ್ಧ ಜೋಡಣೆಗಳು ಸಡಿಲಾಗಿದ್ದವು. ಸಂದಿಗಳಲ್ಲಿ ಕಂದು ಅಂಟು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಒದ್ದೆ ಅರಿವೆಯಿಂದ ಧೂಳು ಒರೆಸುತ್ತಲೇ ನನಗೆ ವಾಸನೆ ಬಂತು. ನಮ್ಮ ಮುತ್ಯಾನ ಹಂಡೆಯ ವಾಸನೆ.

ಹಿರೇಮಠ ಸರ್ ಕಾಕಾನಿಗೆ ಉಳಿಯಿಂದ ಬಿಡಿಸಲು ಹೇಳಿದರು. ಉಳಿ ಕೊಟ್ಟ ಕೂಡಲೇ ಅಂಟಿನ ಬದಲು ಕಡ್ಡಿಯೇ ಸೀಳಿತು. ನಾನು ನೋಡುತ್ತ ಕೂತಿದ್ದೆ. ಬಿಸಿ ನೀರಿನ ಅರಿವೆ ಸುತ್ತಿಟ್ಟರೆ ಅರ್ಧ ತಾಸಿನಲ್ಲಿ ಈ ಅಂಟು ಬೆಣ್ಣೆಯಾಗುತ್ತದೆ ಎಂದು ನನಗೆ ಗೊತ್ತು. ಹೇಳಿದರೆ 'ನಿನಗ ಹ್ಯಾಂಗ ಗೊತ್ತು' ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ. ಹೊಸ ಕೆಲಸ, ಮಧ್ಯಾಹ್ನ ಮೂವರೂ ಒಂದೇ ಕೊಡದ ನೀರು ಕುಡಿಯುತ್ತಿದ್ದೆವು. ನಾಳೆ ಆ ಕೊಡ ಎರಡಾದರೆ ಎಂದು ಹೆದರಿ ಸುಮ್ಮನಿದ್ದೆ. ಎರಡನೆಯ ಕಡ್ಡಿಯೂ ಸೀಳಿತು.

ಕಾಕಾ ಮೂರನೆಯ ಜೋಡಣೆಗೆ ಉಳಿ ಹಿಡಿದಾಗ ನನಗೆ ತಡೆಯಲಾಗಲಿಲ್ಲ.

'ಕಾಕಾ, ಉಳಿ ಬ್ಯಾಡ್ರಿ. ಅದು ಸರಸ ಐತಿ. ಬಿಸಿ ನೀರಿಗೆ ಬಿಡ್ತೈತಿ.'

'ನಿನಗ ಹ್ಯಾಂಗ ಗೊತ್ತಾತಬೇ?'

'ನಮ್ಮ ಮುತ್ಯಾ ಕುದಸ್ತಿದ್ರು.'

ಹಿರೇಮಠ ಸರ್ ಮೇಜಿನ ಹತ್ತಿರ ಏನೋ ಬರೆಯುತ್ತಿದ್ದರು. ಅವರ ಪೆನ್ನು ನಿಂತಿತು. ಕಾಕಾ ಉಳಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತರು.

'ನೀರು ಎಷ್ಟು ಬಿಸಿ ಇರಬೇಕು, ಹೇಳು.'

'ಬೆರಳು ತಡಕೋಬೇಕು. ಕುದ್ದದ್ದು ಹಾಕಿದ್ರ ಕಟಗಿ ಉಬ್ಬತೈತಿ.'

'ಒಲಿ ಹಚ್ಚು ಹಂಗಾರ.'

ಅಷ್ಟೇ. ಆ ದಿನ ಸಂಜೆಯೊಳಗೆ ಹದಿನಾಲ್ಕು ಜೋಡಣೆ ಬಿಟ್ಟವು, ಒಂದು ಕಡ್ಡಿಯೂ ಸೀಳಲಿಲ್ಲ. ಕೊಡ ಒಂದೇ ಉಳಿಯಿತು. ಹಿರೇಮಠ ಸರ್ ಮಾತ್ರ ಮರುದಿನದಿಂದ ಮನೆಯಿಂದ ಬಾಟಲಿಯಲ್ಲಿ ನೀರು ತರತೊಡಗಿದರು. ಬಿಸಿಲು ಜಾಸ್ತಿ, ಕಾಯಿಸಿ ಆರಿಸಿದ ನೀರೇ ಕುಡಿಯಲು ಡಾಕ್ಟರು ಹೇಳಿದ್ದಾರೆ ಎಂದರು. ಡಾಕ್ಟರು ಹೇಳಿದ್ದರೋ ಇಲ್ಲವೋ ನಾನು ಇವತ್ತಿಗೂ ಅರಿಯೆ. ನನ್ನನ್ನು ಕಾಡುವುದು ಆ ಬಾಟಲಿಗಿಂತ ಹೆಚ್ಚಾಗಿ ಎರಡನೆಯ ಕಡ್ಡಿ. ಮೊದಲನೆಯದು ಗೊತ್ತಿಲ್ಲದೆ ಸೀಳಿತು. ಎರಡನೆಯದು ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಸೀಳಿತು.

ಮರ ನನ್ನ ಕೈಗೆ ಬಂತು, ಪ್ಲಾಸ್ಟಿಕ್ ಬರಲಿಲ್ಲ. ತಿಕೋಟಾದ ಒಂದು ಶಾಲೆಯಿಂದ ವಾಪಸು ಬಂದ ರೈಲು ಎಂಜಿನ್ನಿನ ಗಾಲಿಗಳಿಗೆ ಯಾರೋ ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿ, ತಿರುಗುವ ಗಾಲಿಗಳನ್ನು ತಿರುಗದಂತೆ ಮಾಡಿದ್ದರು. ಉಗುರಿನ ಬಣ್ಣ ತೆಗೆಯುವ ದ್ರಾವಣಕ್ಕೆ ಆ ಅಂಟು ಕರಗುತ್ತದೆ ಎಂದು ಕೇಳಿದ್ದೆ. ಸಣ್ಣ ಬಟ್ಟಲಿನಲ್ಲಿ ಸುರಿದು ಗಾಲಿಗಳನ್ನು ಅದ್ದಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಅಂಟು ಕರಗಿತ್ತು ನಿಜ, ಗಾಲಿಯೂ ಕರಗಿತ್ತು. ಆರು ಗಾಲಿ ಕೂಡಿ ಒಂದು ಕರಿ ಮುದ್ದೆಯಾಗಿದ್ದವು. ಹಿರೇಮಠ ಸರ್ ಆ ಮುದ್ದೆಯನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ನೋಡಿ, 'ಇದು ಹೊಸಾದರಂಗ ಕಾಣವಲ್ದು ಸುಜಾತಾ' ಎಂದರು. ಅವರು ತಮಾಷೆ ಮಾಡಿದ್ದು ಅದೊಂದೇ ಸಲ. ಆಗ ನನಗೆ ನಗು ಬರಲಿಲ್ಲ.

ಆ ಅಂಟು ಥಂಡಿಗೆ ಹೆದರುತ್ತದೆ ಎಂಬುದು ಬಹಳ ದಿನಗಳ ಮೇಲೆ ಗೊತ್ತಾಯಿತು. ಗುಡಿಯ ಹಾದಿಯಲ್ಲಿ ಕುಲ್ಫಿ ಮಾರುವ ಬಸಣ್ಣನ ಅಂಗಡಿಯಲ್ಲಿ, ಪೆಟ್ಟಿಗೆಯ ಮುಚ್ಚಳಕ್ಕೆ ಅದೇ ಅಂಟಿನಿಂದ ಕೂಡಿಸಿದ್ದ ಪ್ಲಾಸ್ಟಿಕ್ ಹಿಡಿಕೆ ಕೈಗೇ ಕಿತ್ತು ಬಂದದ್ದನ್ನು ನೋಡಿದೆ. 'ವಾರಕ್ಕೊಮ್ಮೆ ಹಚ್ಚತೀನ್ರಿ ಅಕ್ಕಾರ, ಒಳಗಿನ ಥಂಡಿಗೆ ಚಟ್ಟಂತ ಬಿಡ್ತೈತಿ' ಎಂದ ಬಸಣ್ಣ. ಮರುದಿನವೇ ಮುರಿದ ಒಂದು ವಿಮಾನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವನ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟೆ. ಹೊರತೆಗೆದು ಮೆಲ್ಲಗೆ ತಿರುವಿದಾಗ ರೆಕ್ಕೆ ಚಟ್ಟಂತ ಬೇರೆಯಾಯಿತು, ಪ್ಲಾಸ್ಟಿಕ್ಕಿಗೆ ಒಂದು ಗೆರೆಯೂ ಬೀಳಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮಾದರಿಗಳು ಪಿಸ್ತಾ ಕುಲ್ಫಿಯ ಪಕ್ಕದಲ್ಲಿ ಮಲಗಿದವು. ಒಮ್ಮೆ ಗಿರಾಕಿಯೊಬ್ಬರು ಕುಲ್ಫಿ ಆರಿಸಲು ಬಗ್ಗಿ ಮನುಷ್ಯನ ಹೃದಯ ಕಂಡು ಚೀರಿದರಂತೆ. ಬಸಣ್ಣ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕ.

ಇಂಥವು ಬಹಳ ಇವೆ. ಗೋಧಿಹಿಟ್ಟಿನ ಅಂಟು ಹಚ್ಚಿದ ಅಣೆಕಟ್ಟಿನೊಳಗೆ ಹುಳ ಮರಿ ಮಾಡಿದ್ದು, ಸೈಕಲ್ ಪಂಕ್ಚರಿನ ಸಲ್ಯೂಷನ್ ಹಚ್ಚಿದ ಗೋಪುರ ಬೇಸಿಗೆಯಲ್ಲಿ ತಾನಾಗಿ ವಾಲಿದ್ದು. ಹೊಸ ಅಂಟು ಬಂದಾಗಲೆಲ್ಲ ಹೊಸ ಕಾಯಿಲೆ ಬಂದಂತೆ. ಆದರೆ ಇವು ಯಾವುವೂ ನಾನು ಮಾಡಿದ ದೊಡ್ಡ ತಪ್ಪಿನ ಮುಂದೆ ತಪ್ಪುಗಳಲ್ಲ. ಅದನ್ನು ಹೇಳಲು ಇಷ್ಟು ಹೊತ್ತು ಹಿಂದೆಮುಂದೆ ನೋಡಿದೆ.

ಅಷ್ಟರಲ್ಲಿ ನನ್ನ ಕೈ ಪಳಗಿತ್ತು. ಯಾವ ಅಂಟು ಎಂದು ಉಗುರು ತಾಗಿಸಿ ಹೇಳುತ್ತಿದ್ದೆ. ಹಾಗೆ ಪಳಗಿದ ಕೈಯಿಂದಲೇ ತಪ್ಪಾಯಿತು.

ಗುಜರಿಯವರ ಒಂದು ಲಾಟಿನಲ್ಲಿ ನಮ್ಮ ಗೋಳಗುಮ್ಮಟದ್ದೇ ಒಂದು ಮರದ ಮಾದರಿ ಬಂತು. ಎಲ್ಲಿಂದ ಬಂತೆಂದು ಚೀಟಿಯಿರಲಿಲ್ಲ. ನಾಲ್ಕು ಮೂಲೆಗೆ ಏಳು ಅಂತಸ್ತಿನ ನಾಲ್ಕು ಗೋಪುರ, ಮೇಲೆ ಎತ್ತಿ ತೆಗೆಯಬಹುದಾದ ಗುಮ್ಮಟ, ಗುಮ್ಮಟದ ಬುಡದಲ್ಲಿ ಸುತ್ತಲೂ ಕೆತ್ತಿದ ಕಮಲದ ದಳಗಳು. ಗುಮ್ಮಟ ಎತ್ತಿದರೆ ಒಳಗೆ ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡು ಮೇಲೇರಿದ್ದು ಕಾಣುತ್ತಿತ್ತು. ಅಂಥ ಕೆಲಸ ನಾನು ಮತ್ತೆ ನೋಡಲಿಲ್ಲ. ಆದರೆ ಮೈತುಂಬ ಒಣಗಿದ ಅಂಟು. ಗೋಪುರಗಳ ಮೇಲೆ ಹನಿಹನಿ, ಕಮಾನುಗಳ ಮೇಲೆ ಗೆರೆಗೆರೆ, ಧೂಳು ಹಿಡಿದು ಕಪ್ಪಾಗಿತ್ತು.

ಹಿರೇಮಠ ಸರ್‌ಗೆ ಅದರ ಮೇಲೆ ಜೀವ. 'ಇದನ್ನ ಬಾಗಲದಾಗ ಇಡೂಣು. ಒಂದ ಹನಿ ಅಂಟೂ ಕಾಣಬಾರದು' ಎಂದರು.

ಮೌನೇಶ ಕಾಕಾಗೆ ಅದು ಕೆಲಸದ ಕೊನೆಯ ವರ್ಷ. ನಾನು ಕೆರೆಯಲು ಶುರುಮಾಡಿದ ದಿನ ಅವರು ಹತ್ತಿರ ಬಂದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

'ಇದು ಸೋರಿದ ಅಂಟಲ್ಲಬೇ. ಹನಿ ಎಲ್ಲಾ ಒಂದೇ ಅಳತಿ ಅದಾವು. ಯಾರೋ ಬೇಕಂತ ಇಟ್ಟಾರ.'

'ಬೇಕಂತ ಯಾರು ಅಂಟ ಹಚ್ಚತಾರ ಕಾಕಾ? ಹುಡುಗೂರು ಆಟ ಆಡಿರತಾವು' ಎಂದೆ.

ಅವರು ಭೂತಗನ್ನಡಿ ಕೆಳಗಿಟ್ಟು ತಮ್ಮ ಜಾಗಕ್ಕೆ ಹೋದರು. ದಿನಕ್ಕೆ ಹತ್ತೇ ಮಾತಾಡುವವರು ಮೂರು ಮಾತು ನನಗಾಗಿ ಖರ್ಚು ಮಾಡಿದ್ದರು. ನಾನು ತಲೆ ಎತ್ತಿ ನೋಡಲೂ ಇಲ್ಲ.

ಒಂಬತ್ತು ದಿನ ಕೂತೆ. ವಿನೆಗರಿನಲ್ಲಿ ಅದ್ದಿದ ಹತ್ತಿ ಇಟ್ಟು ಮೆತ್ತಗೆ ಮಾಡಿ, ಬಿದಿರಿನ ಕಡ್ಡಿಯಿಂದ ಒಂದೊಂದೇ ಹನಿ ಎತ್ತಿದೆ. ಮರಕ್ಕೆ ಕಲೆಯಾಗಲಿಲ್ಲ, ಗೀರಾಗಲಿಲ್ಲ. ಸರ್ ಕರವಸ್ತ್ರದಿಂದ ಒರೆಸಿ ನೋಡಿ, ನನ್ನ ಸೇವೆಯಲ್ಲಿ ಮೊದಲ ಸಲ 'ಶಾಬ್ಬಾಸ್' ಎಂದರು. ಮನೆಗೆ ಹೋಗುವಾಗ ಗುಡಿಯ ಮುಂದಿನ ಅಂಗಡಿಯಲ್ಲಿ ಪೇಡೆ ಕೊಂಡು ಒಯ್ದೆ.

ಕೆಲವು ತಿಂಗಳ ಮೇಲೆ ಕಾಖಂಡಕಿಯ ಶಾಲೆಯಿಂದ ಫೋನ್ ಬಂತು. ಮಾತಾಡಿದವರು ಮಹಾದೇವಿ ಅಕ್ಕೋರು, ಅಲ್ಲಿ ಸಮಾಜ ಪಾಠ ಹೇಳುವ ಶಿಕ್ಷಕಿ. 'ನಿಮ್ಮಲ್ಲೆ ಗುಮ್ಮಟ ಎತ್ತೂವಂಥಾ ಒಂದು ಕಟಗಿ ಮಾಡೆಲ್ ಬಂದೈತಂತ, ಖರೇ ಏನ್ರಿ? ನಮ್ಮ ಸಾಲಿಗೆ ನಾಕ ದಿನ ಕೊಡ್ರಿ' ಎಂದರು. ದನಿಯಲ್ಲಿ ಆತುರವಿತ್ತು. ಅದು ಸೂಕ್ಷ್ಮದ ವಸ್ತುವಾದ್ದರಿಂದ ನಾನೇ ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಬಲೇಶ್ವರ ದಾಟಿ ಕಾಖಂಡಕಿಗೆ ಹೋದೆ.

ಅಕ್ಕೋರು ವರ್ಗದ ಬಾಗಿಲಲ್ಲೇ ನಿಂತಿದ್ದರು. ಮೂವತ್ತೈದರ ಆಸುಪಾಸು, ಕೈಯಲ್ಲಿ ಬಿಳಿ ಕೋಲು. ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಆಗಲೇ ತಿಳಿದದ್ದು. ಮಾದರಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಕೋಲು ಗೋಡೆಗೆ ಆನಿಸಿ, ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡು, ಮೊದಲು ಪೀಠವನ್ನು ಮುಟ್ಟಿದರು. ಒಂದು ಮೂಲೆಯಲ್ಲಿ ಮರ ಸ್ವಲ್ಪ ಚಕ್ಕೆ ಹಾರಿತ್ತು. ಅಲ್ಲಿ ಅವರ ಹೆಬ್ಬೆರಳು ನಿಂತಿತು.

'ಇದ ರೀ! ನಮ್ಮ ಸಾಲಿದ ಇದು. ಈ ಮೂಲಿ ನಾನ ಕೆಡವಿ ಒಡದದ್ದು!' ಅವರು ಮಕ್ಕಳ ಕಡೆ ತಿರುಗಿ ನಕ್ಕರು. ಅವರು ಓದಿದ ಕುರುಡು ಮಕ್ಕಳ ವಸತಿ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತಂತೆ. ಈ ಗುಮ್ಮಟ ಎಲ್ಲಿ ಹೋಯಿತೆಂದು ಆಗಿನಿಂದ ಹುಡುಕುತ್ತಿದ್ದರಂತೆ.

ಆಮೇಲೆ ಅವರ ಬೆರಳು ಗೋಪುರಕ್ಕೆ ಹೋದವು. ಕೆಳಗಿನಿಂದ ಮೇಲೆ ಒಮ್ಮೆ ಸರಿದವು. ಮತ್ತೆ ಕೆಳಗೆ ಬಂದು, ನಿಧಾನವಾಗಿ ಇನ್ನೊಮ್ಮೆ. ಇನ್ನೊಂದು ಗೋಪುರ. ಗುಮ್ಮಟ ಎತ್ತಿ ಒಳಗೆ ಬೆರಳಾಡಿಸಿದರು. ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಯಾರೋ ಅದನ್ನು ಮರೆತು ಬಿಟ್ಟುಹೋದ ಹಾಗಿತ್ತು.

'ಚುಕ್ಕಿ ಎಲ್ಲಿ ಹ್ವಾದ್ವು?'

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಒಂದೇ ಅಳತೆಯ ಹನಿಗಳು. ಒಂದು ಹನಿ ಇದ್ದಲ್ಲಿ ಮೊದಲ ಅಂತಸ್ತು, ಎರಡು ಇದ್ದಲ್ಲಿ ಎರಡನೆಯದು, ಹೀಗೆ ಏಳರವರೆಗೆ. ಕಮಾನುಗಳ ಮೇಲಿನ ಗೆರೆ ಹಿಡಿದು ಹೋದರೆ ಯಾವುದು ಯಾವುದನ್ನು ದಾಟುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ನಾನು ತೆಗೆದದ್ದು ಕೊಳೆಯಲ್ಲ, ಅಕ್ಷರ.

ಸುಳ್ಳು ಹೇಳಬಹುದಿತ್ತು, ಬರುವಾಗಲೇ ಹೀಗಿತ್ತು ಎಂದು. ಬಾಯಿಯ ತನಕ ಬಂದಿತ್ತು ಕೂಡ.

'ನಾನ ತಗದೇನ್ರಿ ಅಕ್ಕೋರ. ಸೋರಿದ ಅಂಟಂತ ತಿಳದಿದ್ದೆ.'

ಅವರು ಇನ್ನೊಮ್ಮೆ ಗೋಪುರದ ಮೇಲೆ ಬೆರಳಾಡಿಸಿದರು. 'ಎಷ್ಟು ಚಂದ ತಗದೀರಿ' ಎಂದರು. 'ಒಂದರ ಗುರ್ತೂ ಉಳಿದಿಲ್ಲ.'

ಚುಚ್ಚಿ ಆಡಿದ ಮಾತಲ್ಲ ಅದು. ನಿಜವಾಗಿ ಹೇಳಿದ್ದು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮಕ್ಕಳನ್ನು ಹೊರಗೆ ಕಳಿಸಿ ಅಕ್ಕೋರು ಹೇಳಿದರು. ಆ ಚುಕ್ಕಿಗಳನ್ನು ಇಟ್ಟದ್ದು ಶಿಕ್ಷಕರಲ್ಲ, ವಸತಿ ಶಾಲೆಯಲ್ಲಿ ಅಡಿಗೆ ಮಾಡುತ್ತಿದ್ದ ಶಿವವ್ವ. ಮಕ್ಕಳು ಗೋಪುರ ತಡವುವಾಗ ಎಷ್ಟನೆಯ ಅಂತಸ್ತು ಎಂದು ತಪ್ಪುವುದನ್ನು ಆಕೆ ನೋಡಿದಳು. ಅಡಿಗೆ ಮುಗಿದ ಮೇಲೆ ದಿನಾ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಒಂದೊಂದೇ ಹನಿ ಇಟ್ಟಳು. 'ಆಕಿಗೆ ಓದಾಕ ಬರ್ಯಾಕ ಬರತಿರಲಿಲ್ರಿ. ಆದರೂ ನಮಗ ಓದಾಕ ಬರೂವಂಗ ಮಾಡಿದ್ಳು' ಎಂದರು ಅಕ್ಕೋರು. ಶಿವವ್ವ ಈಗ ಇಲ್ಲ. ಆಕೆಯ ಹೆಸರು ಯಾವ ಕಾಗದದಲ್ಲೂ ಇರಲಿಕ್ಕಿಲ್ಲ. ಆಕೆಯ ಕೈ ಉಳಿದಿದ್ದದ್ದು ಅದೊಂದು ಗುಮ್ಮಟದ ಮೇಲೆ. ಅದನ್ನು ನಾನು ಒಂಬತ್ತು ದಿನ ಕೂತು ಅಳಿಸಿದ್ದೆ.

ಮಾದರಿಯನ್ನು ಶಾಲೆಯಲ್ಲೇ ಬಿಟ್ಟು ಬಂದು, ಮರುದಿನ ಹಿರೇಮಠ ಸರ್‌ಗೆ ಎಲ್ಲ ಹೇಳಿ, ಚುಕ್ಕಿಗಳನ್ನು ಮತ್ತೆ ಇಡಬೇಕು ಎಂದೆ. ಅವರು ಒಪ್ಪಲಿಲ್ಲ.

'ಆದದ್ದಾತು. ಈಗ ನೋಡಾಕ ಎಷ್ಟು ಚಂದ ಅದ. ಮತ್ತ ಅದರ ಮ್ಯಾಲ ಅಂಟ ಹಚ್ಚತೀ ಏನು?'

'ನೋಡಾಕ ಅಲ್ರಿ ಸರ್ ಅದು. ಮುಟ್ಟಾಕ.'

'ಬ್ಯಾಡ ಅಂದೆ.'

ನಾನು ಅವರಿಗೆ ಎದುರಾಡಿದವಳಲ್ಲ. ಅಂದು ಮಾತ್ರ ನನ್ನ ಕಡ್ಡಿ, ಬ್ರಷ್ಷುಗಳ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟೆ. 'ಹಂಗಾರ ಇನ್ನ ಮ್ಯಾಲ ಯಾವುದರ ಅಂಟೂ ನನ್ನ ಕೈಲೆ ತಗಸಬ್ಯಾಡ್ರಿ' ಎಂದು ಹೇಳಿ ನನ್ನ ಚಾಪೆಯ ಮೇಲೆ ಬಂದು ಕೂತೆ. ಎರಡು ದಿನ ಹಾಗೇ ಕೂತೆ. ಡಬ್ಬಿ ಅವರ ಮೇಜಿನ ಮೇಲೆಯೇ ಇತ್ತು. ಮನೆಯಲ್ಲಿ ಕೇಳಿದರು, 'ಕೆಲಸ ಹೋದರ ಹ್ಯಾಂಗ?'

ಮೂರನೆಯ ದಿನ ಮಹಾದೇವಿ ಅಕ್ಕೋರು ಕಾಖಂಡಕಿಯಿಂದ ಬಸ್ಸಿನಲ್ಲಿ ಒಬ್ಬರೇ ಬಂದರು. ನಾನು ಕರೆಸಿದ್ದಲ್ಲ, ಮಾದರಿಯನ್ನು ವಾಪಸು ತರಲು ಹೋಗಿದ್ದ ಜೀಪಿನ ಡ್ರೈವರ್ ಸುದ್ದಿ ಮುಟ್ಟಿಸಿದ್ದ. ಸರ್ ಎದ್ದು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅಕ್ಕೋರು ಚಹಾ ಕುಡಿದು ಮೆಲ್ಲಗೆ ಕೇಳಿದರು:

'ಸರ್, ನೀವು ಇದ ಊರಾಗ ಹುಟ್ಟಿ ಬೆಳದವರು. ಗುಮ್ಮಟದ ಕೆಳಗ ಒಳಗ ಎಷ್ಟು ಕಮಾನು ಅದಾವ್ರಿ?'

ಸರ್ ನನ್ನ ಕಡೆ ನೋಡಿದರು. 'ನಾಕು' ಎಂದರು.

'ಎಂಟು ಅದಾವ್ರಿ. ಒಂದರ ಕಾಲು ಇನ್ನೊಂದನ್ನ ದಾಟಿ ಹೋಗತಾವು. ಇಷ್ಟ ವರ್ಷ ಮ್ಯಾಲೂ ನನ್ನ ಬೆರಳಿಗೆ ನೆನಪೈತಿ. ನಮ್ಮ ಸಾಲ್ಯಾಗ ಈಗ ಒಂದು ಹುಡುಗಿ ಐತ್ರಿ, ನನ್ನಂಗ ಕಣ್ಣು ಕಾಣದಾಕಿ. ಆಕಿ ಮೊನ್ನೆ ಮುಟ್ಟಿ, "ಅಕ್ಕೋರ, ಇದು ಬರೇ ಡಬ್ಬಿ" ಅಂದ್ಳು.'

ಹಿರೇಮಠ ಸರ್ ಎದ್ದು, ಮೇಜಿನ ಮೇಲಿದ್ದ ನನ್ನ ಡಬ್ಬಿಯನ್ನು ತಾವೇ ತಂದು ನನ್ನ ಚಾಪೆಯ ಹತ್ತಿರ ಇಟ್ಟರು. 'ಏನ ಬೇಕೋ ಬರದ ಕೊಡು, ತರಸ್ತೀನಿ' ಎಂದರು. ಅವರ ಬಗ್ಗೆ ಹಿಂದೆ ಬರೆದದ್ದನ್ನು ಓದಿದವರು ಇದನ್ನೂ ಓದಬೇಕು.

ನಾಲ್ಕು ಭಾನುವಾರ ನಾನೂ ಅಕ್ಕೋರೂ ಕೂತೆವು. ಅಂಟು ತೆಗೆಯುವುದರಲ್ಲಿ ಪಳಗಿದ ಕೈಗೆ ಅಂಟು ಇಡುವುದು ಬರಲಿಲ್ಲ. ಒಂದು ಹನಿ ದೊಡ್ಡದು, ಒಂದು ಚಪ್ಪಟೆ, ಒಂದು ಪಕ್ಕದ್ದಕ್ಕೆ ಕೂಡಿಕೊಂಡಿತು. ಒಣಗಿದ ಮೇಲೆ ಅಕ್ಕೋರು ಮುಟ್ಟಿ ನೋಡಿ, 'ಇದು ಎರಡ ಚುಕ್ಕಿ ಅಲ್ರಿ, ಕಡ್ಲಿಬ್ಯಾಳಿ' ಎನ್ನುವರು. ತೆಗೆದು ಮತ್ತೆ ಇಡುವೆ. ಕೊನೆಗೆ ನಾನೂ ಕಣ್ಣು ಮುಚ್ಚಿ ಮುಟ್ಟಿ ನೋಡತೊಡಗಿದ ಮೇಲೆ ಕೈ ಕೂತಿತು. ಕಮಾನುಗಳ ಮೇಲೆ ಅಂಟಿನಲ್ಲಿ ನೆನೆಸಿದ ನೂಲು ಹಾಸಿದೆವು. ಗುಮ್ಮಟದ ಒಳಗಿನ ಸುತ್ತುಗಟ್ಟೆಗೆ, ಅಂದರೆ ಪಿಸುಮಾತು ಕೇಳುವ ಆ ಜಾಗಕ್ಕೆ, ಶಿವವ್ವ ಏನು ಇಟ್ಟಿದ್ದಳು ಎಂಬುದು ಅಕ್ಕೋರಿಗೆ ನೆನಪಾಗಲಿಲ್ಲ. ನಾನಂತೂ ನೋಡದೆ ಕೆರೆದವಳು.

ನಿವೃತ್ತರಾಗಿ ಮನೆಯಲ್ಲಿದ್ದ ಮೌನೇಶ ಕಾಕಾನ ಹತ್ತಿರ ಹೋದೆ. ಹೋಗಲು ನಾಚಿಕೆ ಇತ್ತು. ಅವರು 'ನಾ ಅವತ್ತ ಹೇಳಿದ್ದೆ' ಎನ್ನಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, 'ಗೆರಿ ಇತ್ತು. ಸುತ್ತಲೂ ಒಂದೇ ಗೆರಿ, ಬಾಗಲ ಇದ್ದಲ್ಲೆ ಅಷ್ಟ ತುಂಡಾಗಿತ್ತು' ಎಂದರು. ಹಾಗೇ ಹಾಕಿದೆವು.

ಕಾಖಂಡಕಿಯ ಆ ಹುಡುಗಿಗೆ ಗುಮ್ಮಟ ಕೊಟ್ಟ ದಿನ ನಾನು ಹೋಗಿರಲಿಲ್ಲ. ಆಕೆ ಗೋಪುರದ ಚುಕ್ಕಿಗಳನ್ನು ಏಳರ ತನಕ ಎಣಿಸಿ, ಮೇಲೆ ಇನ್ನೂ ಇದೆಯೇ ಎಂದು ಗಾಳಿಯಲ್ಲಿ ಬೆರಳಾಡಿಸಿದಳಂತೆ. ಅಕ್ಕೋರು ಫೋನಿನಲ್ಲಿ ಹೇಳಿದರು.

ಹೊಸದಾಗಿ ಸೇರಿದವರಿಗೆ ಹೇಳುವುದಿಷ್ಟು. ನಿಮ್ಮ ಕೈಯಲ್ಲಿ ಈಗ ಫೋನ್ ಇದೆ, ಕೈ ಹಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಎಲ್ಲಿಂದ ಬಂತೆಂದು ಗೊತ್ತಿಲ್ಲದಿದ್ದರೆ ಗೊತ್ತಾಗುವ ತನಕ ಕಾಯಿರಿ. ಯಾವುದೇ ಹನಿ ನಿಮಗೆ ಕೊಳಕೆಂದು ಕಂಡರೆ, ಅದನ್ನು ಹಚ್ಚಿದವರಿಗೆ ಅದು ಏನಾಗಿತ್ತು ಎಂದು ಒಮ್ಮೆ ಕೇಳಿಕೊಳ್ಳಿ. ಸಾಲದಿದ್ದರೆ ಪಕ್ಕದಲ್ಲಿ ಕೂತವರನ್ನು ಕೇಳಿ. ಅವರು ಹೇಳಿದರೆ ತಲೆ ಎತ್ತಿ ನೋಡಿ. ವಿನೆಗರ್ ಎಷ್ಟು, ನೀರು ಎಷ್ಟು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ.

ನಿವೃತ್ತಳಾದ ವಾರದಲ್ಲಿ ಮಹಾದೇವಿ ಅಕ್ಕೋರು ಫೋನ್ ಮಾಡಿ, 'ಸುಜಾತಾಬಾಯಿ, ಈಗ ನೀವು ಖಾಲಿ ಅದೀರಿ. ನನ್ನ ಗೋಳಗುಮ್ಮಟಕ್ಕ ಕರಕೊಂಡು ಹೋಗ್ರಿ' ಎಂದರು. ಇಷ್ಟು ವರ್ಷ ಅವರು ಅದರ ಮೇಲೆ ಹತ್ತಿರಲೇ ಇಲ್ಲ. ಜನರ ನಡುವೆ, ಆ ಕಿರಿದಾದ ಮೆಟ್ಟಿಲುಗಳಲ್ಲಿ, ಕರೆದುಕೊಂಡು ಹೋಗುವವರು ಸಿಕ್ಕಿರಲಿಲ್ಲ.

ಮುಂಜಾನೆ ಬಾಗಿಲು ತೆರೆಯುತ್ತಲೇ ಹೋದೆವು. ಗೋಪುರದೊಳಗಿನ ಮೆಟ್ಟಿಲಲ್ಲಿ ಕತ್ತಲು. ನಾನು ಅವರ ಕೈ ಹಿಡಿಯಲು ಹೋದರೆ ಅವರೇ ನನ್ನ ಕೈ ಹಿಡಿದು ಮುಂದೆ ನಡೆದರು. ಪ್ರತಿ ಅಂತಸ್ತಿನಲ್ಲಿ ಹೊರಗಿನ ಗಾಳಿ ಬಂದಾಗ ನಿಂತು, 'ಮೂರು', 'ನಾಕು' ಎನ್ನುತ್ತಿದ್ದರು. ನನಗೆ ಐದಕ್ಕೇ ಏದುಸಿರು. ಏಳು ಮುಗಿದು ಮಾಳಿಗೆಗೆ ಬಂದಾಗ ಬಿಸಿಲು ಆಗಷ್ಟೇ ಏರುತ್ತಿತ್ತು. ಅವರನ್ನು ಗುಮ್ಮಟದ ಬುಡಕ್ಕೆ ಕರೆದೊಯ್ದು, ಗೋಡೆಯ ಮೇಲಿನ ಕಮಲದ ಒಂದು ದಳದ ಮೇಲೆ ಅವರ ಅಂಗೈ ಇಟ್ಟೆ.

ಅವರು ಅದರ ಅಂಚು ಹಿಡಿದು ಕೈ ಮೇಲಕ್ಕೆ ಸರಿಸಿದರು. ಇನ್ನೂ ಮೇಲೆ. ತುದಿಗಾಲಲ್ಲಿ ನಿಂತು, ತೋಳು ಪೂರ್ತಿ ಚಾಚಿದರು. ದಳದ ತುದಿ ಸಿಗಲಿಲ್ಲ. ಹಾಗೇ ಕೆನ್ನೆಯನ್ನು ಗೋಡೆಗೆ ಆನಿಸಿ ನಿಂತರು.

'ಸುಜಾತಾಬಾಯಿ, ಇದು ನನ್ನ ಉಗುರಿನಷ್ಟ ಇತ್ತಲ್ರಿ.'

'ಹೌದ್ರಿ.'

'ಗುಮ್ಮಟ ಒಂದ ಕೈಲೆ ಎತ್ತಿ ಬಾಜೂಕ ಇಡತಿದ್ದೆ.'

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಲ್ಲಿ ನಗು. ಸ್ವಲ್ಪ ಹೊತ್ತಿನ ಮೇಲೆ ಅವರು ಗೋಡೆಯಿಂದ ಕೈ ತೆಗೆಯದೆ ಪಕ್ಕದ ದಳಕ್ಕೆ ಸರಿದರು. ಅಲ್ಲಿಂದ ಮುಂದಿನದಕ್ಕೆ. ಪೂರ್ತಿ ಒಂದು ಸುತ್ತು ಬರುವ ತನಕ ನಾನು ಅವರ ಹಿಂದೆ ನಡೆದೆ.